ಯುಯೆ ಫೇ: ಇತಿಹಾಸದ ಸೇನಾನಿ, ಜನಪದರ ವೀರ

ಚೀನಾದ ಹಾಂಗ್‌ಝೌ ನಗರದ ಪಶ್ಚಿಮ ಸರೋವರದ ದಂಡೆಯಲ್ಲಿ ಸೇನಾನಿ ಯುಯೆ ಫೇಯ ಸಮಾಧಿಯಿದೆ. ಅದರೆದುರು ಕೈಗಳನ್ನು ಬೆನ್ನಹಿಂದೆ ಕಟ್ಟಿಸಿಕೊಂಡು ಮಂಡಿಯೂರಿರುವ ನಾಲ್ಕು ಲೋಹದ ಪ್ರತಿಮೆಗಳಿವೆ. ವೀರನೊಬ್ಬನ ಸ್ಮಾರಕದಲ್ಲಿ ಅವನ ವೈರಿಗಳಿಗೂ ಶಾಶ್ವತ ಸ್ಥಾನ ದೊರೆತಿರುವ ಈ ಸಂಗತಿ ಜಾನಪದ ಅಧ್ಯಯನದ ದೃಷ್ಟಿಯಿಂದ ವಿಶೇಷ ಗಮನಾರ್ಹವಾದುದು.

ಐತಿಹಾಸಿಕ ವಿವರಗಳು ಸಂಕ್ಷಿಪ್ತವಾಗಿವೆ. 1103ರಲ್ಲಿ ಈಗಿನ ಹೆನಾನ್ ಪ್ರಾಂತದ ತಾಂಗ್‌ಯಿನ್‌ನಲ್ಲಿ ಜನಿಸಿದ ಯುಯೆ ಫೇ, ಉತ್ತರ ಚೀನಾವನ್ನು ಆಕ್ರಮಿಸಿದ್ದ ಜುರ್ಚೆನ್ನರ ಜಿನ್ ರಾಜ್ಯದ ವಿರುದ್ಧ ದಕ್ಷಿಣ ಸಾಂಗ್ ರಾಜ್ಯದ ಪರವಾಗಿ ಹೋರಾಡಿದನು. 1140ರಲ್ಲಿ ಗೆಲುವಿನ ಹಾದಿಯಲ್ಲಿದ್ದಾಗಲೇ ಆತನನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಜಿನ್ ರಾಜ್ಯದೊಡನೆ ಸಂಧಿಯಾಗುತ್ತಿದ್ದ ದಿನಗಳಲ್ಲಿಯೇ ಆತನನ್ನು ಬಂಧಿಸಿ, 1142ರ ಆರಂಭದಲ್ಲಿ ಕೊಲ್ಲಲಾಯಿತು. ಮಗ ಯುಯೆ ಯುನ್‌ಗೂ ಮರಣದಂಡನೆಯಾಯಿತು. ಆರೋಪಕ್ಕೆ ಆಧಾರವೇನೆಂದು ಕೇಳಿದಾಗ ಪ್ರಧಾನಮಂತ್ರಿ ಛಿನ್ ಹುಯಿ ನೀಡಿದನೆನ್ನಲಾದ 'ಇದ್ದರೂ ಇರಬಹುದು' ಎಂಬರ್ಥದ ಉತ್ತರ, ಕಟ್ಟುಕತೆಯ ಆರೋಪಕ್ಕೆ ಪರ್ಯಾಯವಾದ ನುಡಿಗಟ್ಟಾಗಿ ಚೀನೀ ಭಾಷೆಯಲ್ಲಿ ಉಳಿದುಕೊಂಡಿದೆ. 1162ರಲ್ಲಿ ಹೊಸ ಚಕ್ರವರ್ತಿ ಶಿಯಾವೋಝಾಂಗ್ ಯುಯೆ ಫೇಯ ಗೌರವವನ್ನು ಮರಳಿ ಸ್ಥಾಪಿಸಿದನು.

ಜನಪದರ ಕಲ್ಪನೆ ಮೂಲವನ್ನು ಹೇಗೆ ಹಿಗ್ಗಿಸುತ್ತದೆ ಎಂಬುದಕ್ಕೆ ಹಚ್ಚೆಯ ಕಥೆ ಉತ್ತಮ ನಿದರ್ಶನ. 1345ರಲ್ಲಿ ಪೂರ್ಣಗೊಂಡ ಸಾಂಗ್ ವಂಶದ ಅಧಿಕೃತ ಇತಿಹಾಸದ ಪ್ರಕಾರ, ವಿಚಾರಣೆಯ ವೇಳೆ ಯುಯೆ ಫೇ ಅಂಗಿ ಹರಿದು ಬೆನ್ನು ತೋರಿಸಿದನು. ಅಲ್ಲಿ ಪೂರ್ಣನಿಷ್ಠೆಯಿಂದ ನಾಡಿನ ಋಣ ತೀರಿಸಬೇಕೆಂಬ ಅರ್ಥದ ನಾಲ್ಕು ಅಕ್ಷರಗಳಿದ್ದವು. ಅವನ್ನು ಕೊರೆದವರು ಯಾರೆಂಬುದನ್ನು ಆ ಗ್ರಂಥ ಹೇಳುವುದಿಲ್ಲ. ತಾಯಿಯೇ ಸೂಜಿ ಹಿಡಿದು ಕೊರೆದಳೆಂಬ ಪ್ರಸಂಗವನ್ನು ಮನೆಮಾತಾಗಿಸಿದ್ದು ಛಿಂಗ್ ಕಾಲದ ಛಿಯೆನ್ ತ್ಸಾಯ್‌ನ ಕಾದಂಬರಿ. ಇಂದು ಚೀನೀ ಮಕ್ಕಳು ಮೊದಲು ಕೇಳುವುದು ಈ ತಾಯಿಯ ಕಥೆಯನ್ನೇ. ದಾಖಲೆಯಲ್ಲಿ ಇಲ್ಲವೆಂಬ ಮಾತ್ರಕ್ಕೆ ಅದನ್ನು ತಳ್ಳಿಹಾಕುವುದು ಸರಿಯಾಗಲಾರದು. ನಿಷ್ಠೆಗೆ ಮಾತೃಮೂಲವನ್ನು ಕಲ್ಪಿಸಿಕೊಂಡ ಸಮಾಜದ ಮನಸ್ಸು ಅಲ್ಲಿ ವ್ಯಕ್ತವಾಗಿದೆ.

ಸೇಡಿನ ಆಶಯ ಆಹಾರದಲ್ಲಿಯೂ ಕಾಣಸಿಗುತ್ತದೆ. ಬೆಳಗಿನ ಉಪಾಹಾರಕ್ಕೆ ಎಣ್ಣೆಯಲ್ಲಿ ಕರಿಯುವ, ಎರಡು ಹಿಟ್ಟಿನೆಳೆಗಳನ್ನು ಒತ್ತಿ ಜೋಡಿಸಿದ ತಿನಿಸು ಛಿನ್ ಹುಯಿ ಮತ್ತು ಅವನ ಹೆಂಡತಿ ವಾಂಗ್‌ಳ ಸಂಕೇತವೆಂದು ಐತಿಹ್ಯವಿದೆ. ಕ್ಯಾಂಟನೀಸ್ ಭಾಷೆಯಲ್ಲಿ ಇದಕ್ಕಿರುವ ಹೆಸರನ್ನು 'ಎಣ್ಣೆಯಲ್ಲಿ ಕರಿದ ಹುಯಿ' ಎಂದೇ ಜನ ವ್ಯಾಖ್ಯಾನಿಸುತ್ತಾರೆ.

ಸಮಾಧಿಯ ಪ್ರತಿಮೆಗಳು ಛಿನ್ ಹುಯಿ, ವಾಂಗ್, ಮೋಛಿ ಶಿಯೆ ಮತ್ತು ಝಾಂಗ್ ಜುನ್ ಇವರವು. ಮಿಂಗ್ ಕಾಲದಿಂದ ಇವನ್ನು ಮತ್ತೆ ಮತ್ತೆ ಎರಕ ಹೊಯ್ಯಬೇಕಾಯಿತು. ಬಂದವರು ಹೊಡೆದು, ಉಗುಳಿ ಹಾಳುಗೆಡವುತ್ತಿದ್ದುದೇ ಇದಕ್ಕೆ ಕಾರಣ. ಆದರೆ ಸಂಧಿಯನ್ನು ಬಯಸಿದ್ದ, ಮರಣದಂಡನೆಗೆ ಸಮ್ಮತಿಸಿದ್ದ ಚಕ್ರವರ್ತಿ ಗಾವೋಝಾಂಗ್ ಆ ಸಾಲಿನಲ್ಲಿಲ್ಲ. ದೊರೆಯ ದೋಷವನ್ನು ಮಂತ್ರಿಯ ತಲೆಗೆ, ಕೊನೆಗೆ ಮಂತ್ರಿಯ ಹೆಂಡತಿಯ ತಲೆಗೂ ಕಟ್ಟುವ ಈ ಪ್ರವೃತ್ತಿಯನ್ನು ವಿದ್ವಾಂಸರು ಇನ್ನಷ್ಟು ಪರಿಶೀಲಿಸಬೇಕಾಗಿದೆ. ಮಿಂಗ್ ಕಾಲದ ಕವಿ, ಚಿತ್ರಕಾರ ವೆನ್ ಝೆಂಗ್‌ಮಿಂಗ್ ಈ ಮರೆಮಾಚುವಿಕೆಯನ್ನು ತನ್ನ ಪದ್ಯವೊಂದರಲ್ಲಿ ಆಗಲೇ ಪ್ರಶ್ನಿಸಿದ್ದನು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ನಾಶಗೊಂಡ ಸಮಾಧಿಯನ್ನು 1979ರಲ್ಲಿ ಜೀರ್ಣೋದ್ಧಾರ ಮಾಡಿದಾಗಲೂ ಹಳೆಯ ನಾಲ್ವರನ್ನೇ ಮತ್ತೆ ಮಂಡಿಯೂರಿಸಲಾಯಿತು.