ಹೂಟಗಳ್ಳಿಯೋ, ಕುವೆಂಪುನಗರವೋ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ – ಈ ನಾಲ್ಕು ಊರುಗಳಲ್ಲಿ ಯಾರಾದರೂ ‘ಮಗ ಮನೆ ನೋಡ್ತಿದ್ದಾನೆ’ ಅಂದರೆ ‘ಮೈಸೂರಲ್ಲಿ ಯಾವ ಕಡೆ?’ ಅನ್ನುವುದೇ ಮುಂದಿನ ಪ್ರಶ್ನೆ. ನಮ್ಮವರ ಉತ್ತರವೂ ಹೆಚ್ಚಾಗಿ ಬಸ್ಸಿನ ದಾರಿ ಹಿಡಿದೇ ಹೋಗುತ್ತದೆ. ಹುಣಸೂರು, ಪಿರಿಯಾಪಟ್ಟಣದವರು ಹುಣಸೂರು ರಸ್ತೆಯ ಹೂಟಗಳ್ಳಿ, ಹಿನಕಲ್, ವಿಜಯನಗರದ ಕಡೆ ನೋಡುತ್ತಾರೆ. ಕೋಟೆಯವರಿಗೆ ಮಾನಂದವಾಡಿ ರಸ್ತೆಯ ಆಸುಪಾಸಿನ ಶ್ರೀರಾಂಪುರ, ಕುವೆಂಪುನಗರ ಹತ್ತಿರ. ಕೆ.ಆರ್. ನಗರದವರಿಗೆ ಇಲವಾಲದ ರಸ್ತೆಯೂ ಉಂಟು, ರೈಲೂ ಉಂಟು. ಊರಿಂದ ಅಕ್ಕಿ ಮೂಟೆ, ತೆಂಗಿನಕಾಯಿ ಹೊತ್ತು ತರುವವರು ಇಳಿದ ಕೂಡಲೇ ಮನೆ ಸಿಗಬೇಕು ಎನ್ನುವ ಆಸೆ ಅದು. ತಪ್ಪಿಲ್ಲ. ಆದರೆ ಮನೆಯಲ್ಲಿ ವಾಸ ಮಾಡುವವರು ಅಕ್ಕಿ ಮೂಟೆಯ ಜೊತೆ ತಿಂಗಳಿಗೊಮ್ಮೆ ಬರುವವರಲ್ಲ. ದಿನಾ ಬೆಳಗ್ಗೆ ಆ ಬಾಗಿಲಿಂದ ಹೊರಗೆ ಹೋಗಬೇಕಾದವರು.

ನಮ್ಮ ಮನೆಯಲ್ಲಿ ಈ ಪ್ರಶ್ನೆ ಬಂದಾಗ ಮುಂದೆ ಇದ್ದದ್ದು ಎರಡು ಮನೆ. ಒಂದು ಹೂಟಗಳ್ಳಿ ಕಡೆಯ ಹೊಸ ಬಡಾವಣೆಯಲ್ಲಿ. ಮೂವತ್ತು–ನಲವತ್ತರ ನಿವೇಶನ, ಹೊಸ ಮನೆ, ಕಾರು ನಿಲ್ಲಿಸಲು ಜಾಗ, ಮಹಡಿ ಮೇಲೆ ಗಾಳಿ ಬೆಳಕು. ಇನ್ನೊಂದು ಕುವೆಂಪುನಗರದಲ್ಲಿ. ಇಪ್ಪತ್ತು–ಮೂವತ್ತರ ಹಳೇ ಮನೆ, ಸುಣ್ಣ ಬಣ್ಣ ಕಾಣದೆ ಎಷ್ಟೋ ವರ್ಷ ಆಗಿತ್ತು. ಬೆಲೆ ಮಾತ್ರ ಹಳೇ ಮನೆಗೇ ಹತ್ತು ಲಕ್ಷ ಜಾಸ್ತಿ!

ಮಗನಿಗೆ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಹೂಟಗಳ್ಳಿಯಿಂದ ಹತ್ತೇ ನಿಮಿಷ. ಸೊಸೆ ಕೋಟೆ ತಾಲ್ಲೂಕಿನ ಶಾಲೆಯಲ್ಲಿ ಶಿಕ್ಷಕಿ. ಹೂಟಗಳ್ಳಿಯಿಂದಾದರೆ ಎರಡು ಬಸ್ಸು, ಕುವೆಂಪುನಗರದಿಂದಾದರೆ ಮಾನಂದವಾಡಿ ರಸ್ತೆಗೆ ಬಂದರೆ ಒಂದೇ ಬಸ್ಸು. ಇನ್ನು ಮನೆಯಲ್ಲಿ ಉಳಿಯುವವರು ಮೂವರು: ನಾನು, ನನ್ನಾಕೆ, ಏಳನೇ ತರಗತಿಯ ಮೊಮ್ಮಗಳು. ನಮಗೆ ಮೂವರಿಗೂ ಒಂದು ಸಮಾನ ಗುಣವಿದೆ. ಯಾರಿಗೂ ಗಾಡಿ ಓಡಿಸಲು ಬರುವುದಿಲ್ಲ. ಒಬ್ಬಳಿಗೆ ವಯಸ್ಸು ಸಾಲದು, ಇಬ್ಬರಿಗೆ ವಯಸ್ಸು ಹೆಚ್ಚಾಗಿದೆ.

ಪುಟ್ಟಿಯ ಎರಡು ಕಾಲಂ

ಮನೆ ನೋಡಲು ಹೋದವರು ಅಡುಗೆಮನೆ, ಬಚ್ಚಲು, ವಾಸ್ತು ನೋಡುತ್ತಾರೆ. ನಾವೂ ನೋಡಿದೆವು. ಹೂಟಗಳ್ಳಿಯ ಮನೆಗೆ ಎಲ್ಲದರಲ್ಲೂ ಹೆಚ್ಚು ಅಂಕ ಬಂತು. ಆಮೇಲೆ ನಾನು ಒಂದು ಹಾಳೆ ತೆಗೆದು, ಮನೆಯ ಐವರೂ ವಾರದಲ್ಲಿ ಎಲ್ಲೆಲ್ಲಿಗೆ ಹೋಗುತ್ತೇವೆ ಎಂದು ಬರೆಯತೊಡಗಿದೆ. ಶಾಲೆ, ಸಂಗೀತ ಪಾಠ, ತರಕಾರಿ, ಔಷಧಿ ಅಂಗಡಿ, ಬ್ಯಾಂಕು, ದೇವಸ್ಥಾನ, ರಕ್ತದೊತ್ತಡ ನೋಡಿಸುವುದು. ಪಕ್ಕದಲ್ಲಿ ಕಿಲೋಮೀಟರ್ ಬರೆಯೋಣ ಎಂದುಕೊಂಡಿದ್ದೆ.

ಮೊಮ್ಮಗಳು ಇಣುಕಿ ನೋಡಿ, “ತಾತ, ಕಿಲೋಮೀಟರ್ ಬೇಡ. ‘ಕೇಳಬೇಕು’, ‘ಕೇಳಬೇಕಿಲ್ಲ’ ಅಂತ ಎರಡು ಕಾಲಂ ಹಾಕಿ” ಅಂದಳು.

“ಏನು ಕೇಳೋದು ಪುಟ್ಟಿ?”

“ನಾನು ಪಾಠಕ್ಕೆ ಹೋಗ್ಬೇಕು ಅಂದ್ರೆ ಅಪ್ಪನ್ನ ಕೇಳ್ಬೇಕಾ, ಸುಮ್ನೆ ಹೋಗ್ಬಹುದಾ ಅಂತ.”

ನಲವತ್ತು ವರ್ಷ ಬ್ಯಾಂಕಿನಲ್ಲಿ ಜಮಾ, ಖರ್ಚು ಬರೆದವನಿಗೆ ಇಂಥ ಎರಡು ಕಾಲಂ ಹೊಳೆದಿರಲಿಲ್ಲ. ಇಬ್ಬರೂ ಕುಳಿತು ತುಂಬಿದೆವು. ಶಾಲೆಯ ವ್ಯಾನನ್ನು ಯಾವ ಕಾಲಂಗೆ ಹಾಕುವುದು ಎಂದು ಚರ್ಚೆ ಆಯಿತು. “ವ್ಯಾನ್ ಮಾಮನಿಗೆ ಕಾಯೋದೂ ಕೇಳಿದ ಹಾಗೇ” ಎಂದು ಅವಳೇ ತೀರ್ಪು ಕೊಟ್ಟಳು.

ಹೂಟಗಳ್ಳಿಯ ಮನೆಯಲ್ಲಿ ವಾರಕ್ಕೆ ಪುಟ್ಟಿ 16 ಸಲ, ಅಜ್ಜಿ 5 ಸಲ, ನಾನು 3 ಸಲ ಕೇಳಬೇಕು. ಒಟ್ಟು 24. ಕುವೆಂಪುನಗರದ ಮನೆಯಲ್ಲಿ ಮೂವರದೂ ಸೇರಿ 4. ಅಲ್ಲಿ ಶಾಲೆ ನಡೆದು ಹೋಗುವಷ್ಟು ದೂರ, ತರಕಾರಿ ಅಂಗಡಿ ಬೀದಿಯ ತಿರುವಿನಲ್ಲಿ, ಉದ್ಯಾನ ಮೂರನೇ ಅಡ್ಡರಸ್ತೆಯಲ್ಲಿ, ನಗರ ಸಾರಿಗೆ ಬಸ್ಸಿನ ಡಿಪೋ ಅದೇ ಬಡಾವಣೆಯಲ್ಲಿ.

ಹಾಳೆ ನೋಡಿ ನನ್ನಾಕೆ ಏನೂ ಮಾತಾಡಲಿಲ್ಲ. ರಾತ್ರಿ ಊಟದ ಹೊತ್ತಿಗೆ ಹೇಳಿದಳು: “ರೀ, ಹುಣಸೂರಲ್ಲಿ ನಾನು ಒಂದು ಕಟ್ಟು ಕೊತ್ತಂಬರಿ ತರೋಕೆ ಯಾರನ್ನೂ ಕೇಳಿದವಳಲ್ಲ.” ಅಷ್ಟೇ.

ಮನೆ ಕೊಳ್ಳುವಾಗ ಹಿರಿಯರು ಬಾಯಿ ಬಿಟ್ಟು ಹೇಳದ ಭಯ ಇದೇ. ಮಗ ಪ್ರೀತಿಯಿಂದ ಕರೆದುಕೊಂಡು ಹೋಗುತ್ತಾನೆ, ದೊಡ್ಡ ಕೋಣೆ ಕೊಡುತ್ತಾನೆ. ಆದರೆ ಬೆಳಗ್ಗೆ ಒಂಬತ್ತಕ್ಕೆ ಎಲ್ಲರೂ ಹೊರಟ ಮೇಲೆ ಸಂಜೆ ಆರರವರೆಗೆ ಆ ಕೋಣೆಯಲ್ಲಿ ಏನು ಮಾಡುವುದು? ಮಕ್ಕಳ ಪಾಡೂ ಅದೇ. ಗೇಟಿನ ಹೊರಗೆ ಹೋಗಲು ದೊಡ್ಡವರು ಬರುವವರೆಗೆ ಕಾಯಬೇಕು.

ಬಡಾವಣೆಗೂ ಒಂದು ಜಾತಕ

ಮಕ್ಕಳೇ, ಬಡಾವಣೆಗಳೆಲ್ಲ ಒಂದೇ ಥರ ಹುಟ್ಟುವುದಿಲ್ಲ. ನೂರಿಪ್ಪತ್ತೈದು ವರ್ಷಗಳ ಹಿಂದೆ ಮೈಸೂರಿಗೆ ಪ್ಲೇಗು ಬಂದು ಕಿಷ್ಕಿಂಧೆಯಂಥ ಹಳೇ ಕೇರಿಗಳಲ್ಲಿ ಬಹಳ ಜನ ಸತ್ತರು. ಗಾಳಿ ಬೆಳಕಿಲ್ಲದ, ಚರಂಡಿ ಇಲ್ಲದ ಕೇರಿಗಳನ್ನು ಸರಿಪಡಿಸಲು 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾಯಿತು. ಅಗಲ ರಸ್ತೆ, ಮನೆ ಹಿಂದೆ ಶುಚಿತ್ವದ ಕೆಲಸಕ್ಕೆ ಕನ್ಸರ್ವೆನ್ಸಿ ಗಲ್ಲಿ, ನಡುವೆ ಉದ್ಯಾನ – ಈ ರೀತಿ ನಕ್ಷೆ ಹಾಕಿ ಬಡಾವಣೆ ಮಾಡುವ ರೂಢಿ ಮೈಸೂರಿಗೆ ಆಗ ಬಂತು. 1988ರಲ್ಲಿ ಈ ಕೆಲಸ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ, ಅಂದರೆ ಎಲ್ಲರ ಬಾಯಲ್ಲಿ ‘ಮುಡಾ’ ಆದ ಕಚೇರಿಗೆ ಹೋಯಿತು. ಕುವೆಂಪುನಗರ ಈ ರೂಢಿಯಲ್ಲಿ ಬೆಳೆದದ್ದು.

ಅಲ್ಲಿನ ರಸ್ತೆಗಳ ಹೆಸರು ಓದುವುದೇ ಒಂದು ಪಾಠ. ಉದಯರವಿ ರಸ್ತೆ – ಅದು ಕವಿಗಳ ಮನೆಯ ಹೆಸರು. ವಿಶ್ವಮಾನವ ಜೋಡಿ ರಸ್ತೆ. ಪಂಚಮಂತ್ರ ರಸ್ತೆ – ಮನುಜಮತ, ವಿಶ್ವಪಥ, ಸರ್ವೋದಯ, ಸಮನ್ವಯ, ಪೂರ್ಣದೃಷ್ಟಿ ಎಂಬ ಐದು ಮಂತ್ರಗಳ ನೆನಪಿಗೆ. ಅನಿಕೇತನ ರಸ್ತೆಯೂ ಇದೆ. ಅನಿಕೇತನ ಎಂದರೆ ಮನೆ ಇಲ್ಲದವನು. ಆ ರಸ್ತೆಯಲ್ಲಿ ನಾವು ಮನೆ ಹುಡುಕಿಕೊಂಡು ಮೂರು ದಿನ ಅಲೆದೆವು!

ಹೂಟಗಳ್ಳಿಯ ಜಾತಕ ಬೇರೆ. ಅದು ಹಳ್ಳಿಯಾಗಿತ್ತು. ಪಕ್ಕದಲ್ಲಿ ಕೈಗಾರಿಕಾ ಪ್ರದೇಶ ಬಂತು, ಗೃಹಮಂಡಳಿಯ ಬಡಾವಣೆ ಬಂತು, ಸುತ್ತ ಖಾಸಗಿ ಬಡಾವಣೆಗಳು ಎದ್ದವು. 2020ರಲ್ಲಿ ಹೂಟಗಳ್ಳಿ ನಗರಸಭೆಯಾಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಊರಿನ ಅಂಚಿನಲ್ಲಿ ಮನೆ ನೋಡುವವರು ಈ ನಿವೇಶನದ ಖಾತೆ ಯಾವ ಸಂಸ್ಥೆಯಲ್ಲಿದೆ, ಕಂದಾಯ ಎಲ್ಲಿ ಕಟ್ಟುವುದು, ನೀರು ಕೊಡುವವರು ಯಾರು, ಕಸ ಎತ್ತುವವರು ಯಾರು ಎಂದು ಕೇಳಿ ತಿಳಿಯಬೇಕು.

ನೀರಿನ ವಿಷಯಕ್ಕೆ ಬಂದರೆ ನಮ್ಮ ತಾಲ್ಲೂಕುಗಳ ಋಣ ಮೈಸೂರಿನ ಮೇಲೆ ಇದ್ದೇ ಇದೆ. ಕೆ.ಆರ್. ನಗರ ದಾಟಿ ಬರುವ ಕಾವೇರಿ, ಹುಣಸೂರಿನ ಲಕ್ಷ್ಮಣತೀರ್ಥ ಎರಡೂ ಕನ್ನಂಬಾಡಿ ಕಟ್ಟೆಯ ಹಿನ್ನೀರಿಗೆ ಸೇರುತ್ತವೆ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಕಟ್ಟೆ ಕಟ್ಟಿರುವ ಕಬಿನಿಯ ನೀರೂ ಮೈಸೂರಿಗೆ ಹೋಗುತ್ತದೆ. ಆದರೆ ನದಿಯಲ್ಲಿ ನೀರಿದ್ದರೆ ನಲ್ಲಿಯಲ್ಲಿ ಇರುತ್ತದೆ ಎಂದೇನಿಲ್ಲ. ಮಾರುವವರನ್ನು ಬಿಟ್ಟು ಪಕ್ಕದ ಮನೆಯವರನ್ನು ಕೇಳಬೇಕು: ವಾರಕ್ಕೆ ಎಷ್ಟು ದಿನ ಬರುತ್ತೆ, ಎಷ್ಟು ಹೊತ್ತು ಬರುತ್ತೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸ್ತೀರಾ?

ಹತ್ತು ಲಕ್ಷದ ಲೆಕ್ಕ

ಮಗ ತೆಗೆದ ತಕರಾರು ನ್ಯಾಯವಾದದ್ದೇ. “ಅಪ್ಪ, ಚಿಕ್ಕ ಮನೆಗೆ ಹತ್ತು ಲಕ್ಷ ಜಾಸ್ತಿ ಸಾಲ ಯಾಕೆ?” ಮಕ್ಕಳು ಇದನ್ನು ಲೆಕ್ಕದ ಪುಸ್ತಕದಲ್ಲಿ ಬಿಡಿಸಿ ನೋಡಬಹುದು. ಹತ್ತು ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇ 9 ಬಡ್ಡಿ, 20 ವರ್ಷ ಅವಧಿ ಎಂದರೆ ತಿಂಗಳ ಕಂತು ಸುಮಾರು 9,000 ರೂಪಾಯಿ. ಕಟ್ಟಿ ಮುಗಿಸುವ ಹೊತ್ತಿಗೆ ಒಟ್ಟು 21 ಲಕ್ಷ 60 ಸಾವಿರದಷ್ಟು ಆಗುತ್ತದೆ. ಅಸಲಿಗಿಂತ ಬಡ್ಡಿಯೇ ಹೆಚ್ಚು.

ಇನ್ನೊಂದು ಕಡೆ, ಹೂಟಗಳ್ಳಿಗೆ ಹೋದರೆ ವ್ಯಾನಿಗೆ 1,800, ನಮ್ಮ ಆಟೋಗಳಿಗೆ 2,400 – ತಿಂಗಳಿಗೆ 4,200 ರೂಪಾಯಿ. ಕುವೆಂಪುನಗರಕ್ಕೆ ಹೋದರೆ ಮಗನ ಸ್ಕೂಟರಿಗೆ ದಿನಕ್ಕೆ 12 ಕಿಲೋಮೀಟರ್ ಹೆಚ್ಚು ಓಡಾಟ, ತಿಂಗಳಿಗೆ 700 ರೂಪಾಯಿ ಪೆಟ್ರೋಲು. ಅಂದರೆ ಕುವೆಂಪುನಗರದಲ್ಲಿ 3,500 ಉಳಿಯುತ್ತದೆ, ಕಂತಿಗೆ 9,000 ಹೋಗುತ್ತದೆ. ಬರೀ ದುಡ್ಡಿನ ಲೆಕ್ಕದಲ್ಲಿ ತಿಂಗಳಿಗೆ 5,500 ರೂಪಾಯಿಯಷ್ಟು ಹೂಟಗಳ್ಳಿಯೇ ಗೆದ್ದಿತು. ಇದನ್ನು ಮುಚ್ಚಿಡುವಂತಿಲ್ಲ.

ನಾನು ಠೇವಣಿಯಿಂದ ನಾಲ್ಕು ಲಕ್ಷ ಕೊಟ್ಟೆ. ಹೆಚ್ಚಿನ ಸಾಲ ಆರು ಲಕ್ಷಕ್ಕೆ ಇಳಿಯಿತು, ಅದರ ಕಂತು 5,400. ವ್ಯತ್ಯಾಸ 1,900ಕ್ಕೆ ಬಂತು. ಮಗ ಸೊಸೆ ಇಬ್ಬರ ಸಂಬಳದ ಮೇಲೂ ಸಾಲ, ಪತ್ರದಲ್ಲಿ ಇಬ್ಬರ ಹೆಸರೂ. ಉಳಿದ ಠೇವಣಿ ಮುಟ್ಟಲಿಲ್ಲ, ಹುಣಸೂರಿನ ಮನೆ ಮಾರಲಿಲ್ಲ. ನನ್ನ ವಯಸ್ಸಿನ ಓದುಗರಿಗೆ ಒಂದು ಮಾತು: ಮಕ್ಕಳಿಗೆ ಕೊಡಿ, ಆದರೆ ಕೈ ಬರಿದು ಮಾಡಿಕೊಳ್ಳಬೇಡಿ. ಔಷಧಿಗೂ ಬಸ್ಸಿಗೂ ಕೇಳುವ ಪರಿಸ್ಥಿತಿ ಬಂದರೆ, ಮನೆ ಎಲ್ಲಿದ್ದರೂ ನೀವು ‘ಕೇಳಬೇಕು’ ಕಾಲಂನಲ್ಲೇ ಇರುತ್ತೀರಿ.

“ಹೊಸ ಬಡಾವಣೆಯೂ ಬೆಳೆಯುತ್ತೆ ಅಪ್ಪ. ಐದು ವರ್ಷದಲ್ಲಿ ಅಂಗಡಿ, ಶಾಲೆ ಎಲ್ಲಾ ಬರುತ್ತೆ” ಎಂದ ಮಗ. ಅದೂ ನಿಜ. “ಬರುತ್ತಪ್ಪ. ಅಷ್ಟರಲ್ಲಿ ಇವಳು ಪಿಯುಸಿ ಮುಗಿಸಿರ್ತಾಳೆ, ನನಗೆ ಎಂಬತ್ತು ದಾಟಿರುತ್ತೆ” ಎಂದೆ. ಸೊಸೆ ನಕ್ಕು, “ಮಾವ ಹೇಳೋದು ಸರಿ, ನನಗೂ ಒಂದು ಬಸ್ಸು ಉಳಿಯುತ್ತೆ” ಎಂದಳು. ದಿನಾ ಹೆಚ್ಚು ದೂರ ಓಡಾಡುವ ಭಾರ ಮಗನ ಪಾಲಿಗೆ ಬಂತು. ಅವನು ಒಪ್ಪಿದ.

ಬೇರೆ ಮನೆಗೆ ಬೇರೆ ಉತ್ತರ

ಹಾಗಂತ ಕುವೆಂಪುನಗರವೇ ಮೇಲು, ಹೂಟಗಳ್ಳಿ ಕೀಳು ಎಂದು ಯಾರೂ ತಿಳಿಯಬಾರದು. ಪಿರಿಯಾಪಟ್ಟಣದ ನನ್ನ ಗೆಳೆಯರೊಬ್ಬರ ಮಗ, ಸೊಸೆ ಇಬ್ಬರಿಗೂ ಹೂಟಗಳ್ಳಿ ಪಕ್ಕದ ಕಾರ್ಖಾನೆಗಳಲ್ಲೇ ಕೆಲಸ. ಹಿರಿಯರು ಹೊಗೆಸೊಪ್ಪಿನ ಬೇಸಾಯ ಬಿಟ್ಟು ಬರುವವರಲ್ಲ. ಹರಾಜಿನ ಕಾಲ ಮುಗಿದ ಮೇಲೆ ನಾಲ್ಕು ದಿನ ಬಂದು ಹೋಗುತ್ತಾರೆ. ಹುಣಸೂರು ರಸ್ತೆಯಲ್ಲಿ ಬಸ್ಸಿಳಿದರೆ ಮನೆ. ಅವರು ಹೂಟಗಳ್ಳಿಯಲ್ಲೇ ಕೊಂಡರು, ಅವರಿಗೆ ಅದೇ ಸರಿ. ಕೆ.ಆರ್. ನಗರದ ನೆಂಟರೊಬ್ಬರ ಮಗಳು ದಿನಾ ರೈಲಿನಲ್ಲಿ ಓಡಾಡುವವಳು. ಅವರು ಮೈಸೂರು ರೈಲು ನಿಲ್ದಾಣಕ್ಕೆ ಹತ್ತಿರ ನೋಡುತ್ತಿದ್ದಾರೆ. ಹಾಳೆ ಒಂದೇ, ಕಾಲಂ ಒಂದೇ. ತುಂಬುವ ಜನ ಬೇರೆಯಾದರೆ ಉತ್ತರ ಬೇರೆ.

ಹಾಳೆ ತುಂಬಿದ ಮೇಲೂ ಬೀದಿಯನ್ನು ಮೂರು ಹೊತ್ತು ನೋಡಬೇಕು. ಬೆಳಗ್ಗೆ ಎಂಟೂವರೆಗೆ ಶಾಲೆಯ ದಿನ ಹೋಗಿ, ಮಗು ರಸ್ತೆ ದಾಟಬಲ್ಲುದೇ ನೋಡಿ. ರಾತ್ರಿ ಎಂಟಕ್ಕೆ ಹೋಗಿ, ಬೀದಿ ದೀಪ ಎಣಿಸಿ. ಜೋರು ಮಳೆ ಬಂದ ಮರುದಿನ ಹೋಗಿ, ನೀರು ಎಲ್ಲಿ ನಿಂತಿದೆ ನೋಡಿ. ಅಜ್ಜಿಯನ್ನು ಕರೆದುಕೊಂಡು ಹೋಗಿ ಔಷಧಿ ಅಂಗಡಿಯವರೆಗೆ ನಡೆಸಿ. ಅವರು ಎಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲಿಗೆ ಆ ಮನೆಯ ದೂರ ಗೊತ್ತಾಗುತ್ತದೆ.

ಕಾಗದಪತ್ರ ಮಾತ್ರ ಎಲ್ಲ ಬಡಾವಣೆಗೂ ಒಂದೇ. ಮೂಲ ಕ್ರಯಪತ್ರದಿಂದ ಇಲ್ಲಿಯವರೆಗಿನ ಪತ್ರಗಳ ಸರಣಿ, ಉಪನೋಂದಣಿ ಕಚೇರಿಯ ಋಣಭಾರ ಪತ್ರ, ಇ-ಖಾತೆ, ಕಂದಾಯದ ರಸೀದಿ, ಮಂಜೂರಾದ ನಕ್ಷೆ ನೋಡಬೇಕು. ಹೊಸ ಬಡಾವಣೆಯಾದರೆ ಭೂಪರಿವರ್ತನೆಯ ಆದೇಶ, ಬಡಾವಣೆಗೆ ಪ್ರಾಧಿಕಾರದ ಒಪ್ಪಿಗೆಯನ್ನೂ ನೋಡಬೇಕು. ಖಾತೆ ಎಂದರೆ ಕಂದಾಯ ಕಟ್ಟುವ ದಾಖಲೆ, ಅದೊಂದೇ ಒಡೆತನ ಸಾಬೀತು ಮಾಡುವುದಿಲ್ಲ. ಮುಂಗಡ ಕೊಡುವ ಮೊದಲೇ ವಕೀಲರಿಗೆ ತೋರಿಸಿ.

ಈಗ ಕುವೆಂಪುನಗರಕ್ಕೆ ಬಂದು ಎಂಟು ತಿಂಗಳು. ಕಳೆದುಕೊಂಡದ್ದೂ ಇದೆ. ಪುಸ್ತಕದ ಕಪಾಟು ಹಿಡಿಸಲಿಲ್ಲ, ನೆಂಟರು ಬಂದರೆ ಪಡಸಾಲೆಯಲ್ಲೇ ಹಾಸಿಗೆ. ಹುಣಸೂರಿಗೆ ಹೋಗಲು ಎರಡು ಬಸ್ಸು ಬದಲಿಸಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನ್ನಾಕೆಗೆ ಟಿಕೆಟ್ಟಿನ ಚಿಂತೆಯಿಲ್ಲ. ನನಗೆ ಹಿರಿಯ ನಾಗರಿಕನೆಂದು ಕಾಲು ಭಾಗ ರಿಯಾಯಿತಿ. ತಿಂಗಳಿಗೊಮ್ಮೆ ಹೋಗಿ, ಮನೆ ಕಸ ಗುಡಿಸಿ, ಬಾಗಿಲಿಗೆ ರಂಗೋಲಿ ಹಾಕಿ ಬರುತ್ತಾಳೆ.

ಮಕ್ಕಳೇ, ನಿಮ್ಮ ಮನೆಯಲ್ಲೂ ಮನೆ ಬದಲಿಸುವ ಮಾತು ಬಂದರೆ ಒಂದು ಹಾಳೆ ತೆಗೆದುಕೊಂಡು ಅಜ್ಜಿ ತಾತನ ಪಕ್ಕ ಕುಳಿತುಕೊಳ್ಳಿ. ಎರಡು ಕಾಲಂ ಹಾಕಿ. ಅವರ ಸಾಲನ್ನು ಮೊದಲು ತುಂಬಿ, ನಿಮ್ಮದನ್ನು ಆಮೇಲೆ ತುಂಬಿ. ಕೊನೆಗೆ ಕೂಡಿಸಿ ಅಪ್ಪ ಅಮ್ಮನ ಕೈಗೆ ಕೊಡಿ.