ತೊಟ್ಟಿಲ ಪಕ್ಕದ ವೈರು

ಅಮೆರಿಕದ ಅಕ್ಕನೋ ಅತ್ತಿಗೆಯೋ ತಾವು ಬಳಸಿದ ಬೇಬಿ ಮಾನಿಟರ್ ನಿಮ್ಮ ಮಗುವಿಗೆ ತಂದುಕೊಟ್ಟಿದ್ದಾರೆಯೇ? ಹಾಸಿಗೆಯಡಿ ಇಡುವ ಸೆನ್ಸರ್ ಪ್ಯಾಡ್ ಇದ್ದರೆ ಕಂಪನಿಯ ಹೆಸರು ನೋಡಿ.

2013ರ ನವೆಂಬರಿನಲ್ಲಿ ಏಂಜಲ್‌ಕೇರ್ ಕಂಪನಿಯ ಇಂಥ ಸುಮಾರು 6 ಲಕ್ಷ ಮಾನಿಟರ್‌ಗಳಿಗೆ ಅಲ್ಲಿ ರೀಕಾಲ್ ಆಯಿತು. ಪ್ಯಾಡಿನ ವೈರನ್ನು ಮಗು ಒಳಗೆಳೆದುಕೊಂಡರೆ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಎರಡು ಕಂದಮ್ಮಗಳು ಹೀಗೇ ತೀರಿಕೊಂಡಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದಂತೆ!

ರೀಕಾಲ್ ಅಂದರೆ ವಾಪಸ್ ಕೊಡುವುದೇ ಎಂದಲ್ಲ. ಇಲ್ಲಿ ಕಂಪನಿ ವೈರು ಮುಚ್ಚುವ ಗಟ್ಟಿ ಕವಚವನ್ನು ಪುಕ್ಕಟೆಯಾಗಿ ಕೊಟ್ಟಿತು. ಆದರೆ ಕೈಯಿಂದ ಕೈಗೆ ದಾಟಿ ಬಂದ ಮಾನಿಟರಿನ ಜೊತೆ ಆ ಸೂಚನೆ ಬಂದಿರಲಿಕ್ಕಿಲ್ಲ. ಕವಚವಿಲ್ಲದಿದ್ದರೆ ಬಳಸಬೇಡಿ. ಬೇರೆ ಯಾವ ಮಾನಿಟರಿನ ವೈರೂ ತೊಟ್ಟಿಲಿನಿಂದ 3 ಅಡಿಯಾದರೂ ದೂರವಿರಲಿ.