ಕೆಂಪು ನೆಲದ ಕಸುವು

ಹದವಾದ ಮಳೆ ಬಿದ್ದು ನೆಲ ಮೆತ್ತಗಾಗಿದ್ದರೆ ಶೇಂಗಾ ಗಿಡ ಕೀಳುವುದನ್ನು ನೋಡುವುದೇ ಚೆಂದ. ಬುಡವನ್ನು ಮುಷ್ಟಿಯಲ್ಲಿ ಹಿಡಿದು ಒಂದು ಸಲ ಜಗ್ಗಿದರೆ ಬೇರಿನ ಎಳೆಗಳು ಪಟಪಟನೆ ಹರಿದು, ಕಾಯಿಯ ಗೊಂಚಲು ಮಣ್ಣಿನ ಸಮೇತ ಮೇಲೇಳುತ್ತದೆ. ಹಿಂದೆಯೇ ಹಸಿ ಬೇರಿನ ಘಾಟು ಮೂಗಿಗೆ ಅಡರುತ್ತದೆ. ರಾಯದುರ್ಗದ ಹೊರವಲಯದ ಈ ಹೊಲದಲ್ಲಿ ಬಿಸಿಲೇರುವ ಮೊದಲೇ ಹೆಂಗಸರು ಸಾಲು ಹಿಡಿದಿದ್ದಾರೆ. ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ, ತಲೆಗೆ ಬಿಗಿದ ಟವೆಲ್, ಬಾಯಿ ತುಂಬ ಮಾತು. ಅರ್ಧ ಕನ್ನಡ, ಅರ್ಧ ತೆಲುಗು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಆಡುವವರಿಗೂ ಲಕ್ಷ್ಯವಿಲ್ಲ. ಬದುವಿನ ಮೇಲೆ ನಿಂತ ನಮ್ಮನ್ನು ಕಂಡು ಒಬ್ಬಾಕೆ ಗಿಡ ಕೊಡವಿ ಬೊಗಸೆ ತುಂಬ ಹಸಿಕಾಯಿ ಎತ್ತಿ ಹಾಕುತ್ತಾಳೆ. "ಸುಮ್ಮನೆ ಯಾಕೆ ನಿಂತೀಯಣ್ಣ, ತಿನ್ನು."

ತಿನ್ನುತ್ತಲೇ ಗಿಡವನ್ನೊಮ್ಮೆ ತಿರುಗಿಸಿ ನೋಡಿ. ಕಾಯಿಯ ಮೇಲುಗಡೆ, ಬೇರಿಗೆ ಅಂಟಿಕೊಂಡಂತೆ, ಸಾಸಿವೆ ಗಾತ್ರದ ಗಂಟುಗಳಿವೆ. ಒಂದನ್ನು ಉಗುರಿನಲ್ಲಿ ಚಿವುಟಿದರೆ ಒಳಗೆ ನಸುಗೆಂಪು. ಆ ಗಂಟಿನಲ್ಲಿ ಮನೆ ಮಾಡಿಕೊಂಡ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ, ಗಿಡ ಅದನ್ನು ಬೀಜದಲ್ಲಿ ಪ್ರೋಟೀನಾಗಿ ಕೂಡಿಡುತ್ತದೆ. ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸು ಮಳೆ ಕಾಣುವ, ಅದೂ ಹೇಳಿದ ಹೊತ್ತಿಗೆ ಬಾರದ ಅನಂತಪುರ ಸೀಮೆಯ ಬಡಕಲು ಕೆಮ್ಮಣ್ಣು ಒಂದು ಕಾಲಕ್ಕೆ ಏಳು ಲಕ್ಷ ಹೆಕ್ಟೇರಿಗೂ ಮೀರಿ ಶೇಂಗಾ ಹೊತ್ತಿದ್ದಕ್ಕೆ ಈ ಗಂಟುಗಳೂ ಒಂದು ಕಾರಣ. ಈಗ ಅಷ್ಟು ಬಿತ್ತುವವರಿಲ್ಲ. ಆದರೂ ಸುಗ್ಗಿಯ ದಿನಗಳಲ್ಲಿ ಈ ರಸ್ತೆಗಳಲ್ಲಿ ಸಿಪ್ಪೆ ಕಾಲಿಗೆ ಸಿಗದೆ ನಡೆಯುವುದು ಕಷ್ಟ.

ಊರೊಳಗೆ ಬಂದರೆ ಸದ್ದೇ ಬೇರೆ. ಕೋಟೆ ಬೆಟ್ಟದ ಬಂಡೆಗಳು ಮೇಲಿನಿಂದ ಇಣುಕುವ ಗಲ್ಲಿಗಳಲ್ಲಿ ಜೀನ್ಸ್ ಹೊಲಿಯುವ ಮಷಿನ್‌ಗಳ ಗರಗರ. ನೀಲಿ ಬಟ್ಟೆಯ ಚೂರು ಚರಂಡಿಯವರೆಗೂ ಹಾರಿದೆ. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯಿಂದ ಕಡಿದು ಆ ಕಡೆ ಉಳಿಸಿದ ತಾಲ್ಲೂಕಿದು. ಗಡಿ ಕಡಿದರೂ ದಂಧೆಯ ನಂಟು ಬಳ್ಳಾರಿಯ ಜೊತೆಗೇ. ಹೊಲಿಗೆಮನೆಯೊಂದರ ಮಹಡಿ ಮೇಲೆ ಜಿಮ್. ಕೆಳಗಿನ ಮಷಿನ್‌ಗಳು ಓಡುವಾಗ ಮೇಲಿನ ಕನ್ನಡಿ ಸಣ್ಣಗೆ ನಡುಗುತ್ತದೆ. ತುಕ್ಕಿನ ವಾಸನೆ, ಬೆವರಿನ ವಾಸನೆ, ಯಾರೋ ಹಚ್ಚಿಟ್ಟ ಊದುಬತ್ತಿ. ಗೋಡೆಯಲ್ಲಿ ಆಂಜನೇಯ, ಆಂಜನೇಯನ ಪಕ್ಕ ಅಷ್ಟೇ ದೊಡ್ಡ ತೋಳಿನ ವಿದೇಶಿ ಪೈಲ್ವಾನ. ಕಪಾಟಿನಲ್ಲಿ ಕರಿ ಡಬ್ಬಗಳು ಸಾಲಾಗಿ ಕೂತಿವೆ.

ಹಗಲು ಕೆಳಗೆ ಜೀನ್ಸ್ ಹೊಲಿದು ಸಂಜೆ ಮೇಲೆ ಬಂದು ಭಾರ ಎತ್ತುವ ಹುಡುಗನೊಬ್ಬ ನಮಗಿಲ್ಲಿ ಜೊತೆಯಾಗುತ್ತಾನೆ. ಇಪ್ಪತ್ತೆರಡರ ಪ್ರಾಯ, 60 ಕಿಲೋ ತೂಕ. ಹಾಲು ಕುಡಿದರೆ ಹೊಟ್ಟೆ ಕೆಡುತ್ತಿತ್ತು, ಬಿಟ್ಟ. ಆಮೇಲೆ ಫೋನಿನಲ್ಲಿ ಡೈರಿಗಳ, ಕೋಳಿ ಫಾರ್ಮುಗಳ ವಿಡಿಯೊ ನೋಡಿ ಮೊಸರು, ಮೊಟ್ಟೆ, ಮಾಂಸ ಎಲ್ಲವನ್ನೂ ಬಿಟ್ಟ. "ನಾನು ವೀಗನ್ ಸಾರ್" ಎಂದು ಹೇಳಿಕೊಳ್ಳುವಾಗ ಸ್ವಲ್ಪ ನಾಚಿಕೆ, ಸ್ವಲ್ಪ ಹಟ. ಮನೆಯವರು ಇದಕ್ಕೆ ಯಾವ ದೇವರ ಹರಕೆ ಎಂದು ಕೇಳಿ ಸುಮ್ಮನಾಗಿದ್ದಾರೆ. ಜಿಮ್ ಮಾಸ್ಟರ್ ಸುಮ್ಮನಾಗಿಲ್ಲ. ಕಪಾಟಿನ ಡಬ್ಬಗಳಲ್ಲಿರುವುದು ವೇ ಪುಡಿ, ಹಾಲು ಒಡೆದಾಗ ಉಳಿಯುವ ನೀರಿನಿಂದ ಮಾಡಿದ್ದು. ಅದನ್ನು ಮುಟ್ಟದವನಿಗೆ ತೋಳು ಬರುವುದು ಹೇಗೆ ಎಂಬುದು ಮಾಸ್ಟರ್ ಚಿಂತೆ. ಬಟಾಣಿಯ ಪುಡಿಯೂ ಉಂಟಂತೆ, ಆದರೆ ಅದರ ಬೆಲೆ ಕೇಳಿದರೆ ಹುಡುಗನ ವಾರದ ಕೂಲಿ ಮಾಯ.

ಲೆಕ್ಕ ಅಷ್ಟೇನೂ ಗೂಢವಲ್ಲ. ಸಾಮಾನ್ಯ ಜೀವನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿತು. ಈ ಹುಡುಗನಿಗೆ ಅದು 50 ಗ್ರಾಂ. ಭಾರ ಎತ್ತಿ ಮಾಂಸಖಂಡ ಬೆಳೆಸಬೇಕೆನ್ನುವವರಿಗೆ ಕಿಲೋಗೆ 1.6 ಗ್ರಾಂ ಸಾಕು, ಅದರಾಚೆ ತಿಂದರೆ ಹೆಚ್ಚಿನ ಲಾಭ ಕಾಣದು ಎಂಬುದು ಹತ್ತಾರು ಅಧ್ಯಯನಗಳನ್ನು ಒಟ್ಟು ಮಾಡಿ 2018ರಲ್ಲಿ ಬಂದ ವಿಶ್ಲೇಷಣೆಯ ಮಾತು. ಅಂದರೆ 96 ಗ್ರಾಂ. ಸೊಪ್ಪು-ಕಾಳಿನವರಿಗೆ ಇದು ದಕ್ಕುವುದೇ ಎಂದು ಬ್ರೆಜಿಲಿನ ಸಾವೊ ಪಾಲೊದಲ್ಲಿ 38 ಮಂದಿ ಯುವಕರಿಂದ, ಅರ್ಧ ವೀಗನ್, ಅರ್ಧ ಮಿಶ್ರಾಹಾರಿ, 12 ವಾರ ಕಾಲಿನ ಕಸರತ್ತು ಮಾಡಿಸಿ ನೋಡಿದರು. ಎರಡೂ ಗುಂಪಿಗೆ ಕಿಲೋಗೆ 1.6 ಗ್ರಾಂ ಸಿಗುವಂತೆ ವೀಗನ್ನರಿಗೆ ಸೋಯಾ ಪುಡಿ, ಮಿಶ್ರಾಹಾರಿಗಳಿಗೆ ವೇ ಪುಡಿ ಬೆರೆಸಿದ್ದರು. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ತೊಡೆಯ ಗಾತ್ರದಲ್ಲೂ ಬಲದಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮಾಸ್ಟರಿಗೆ ಇದನ್ನು ಹೇಳಿದರೆ, "ಬ್ರೆಜಿಲ್‌ನೋರು ಬೇರೆ ಸಾರ್" ಎಂದು ಬೆಲ್ಟು ಬಿಗಿದುಕೊಂಡು ಎದ್ದುಹೋದರು.

ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಬಳಿ ಉಗ್ಗಾಣಿ ತಿನ್ನೋಣ ಬನ್ನಿ. ನೆನೆಸಿ ಹಿಂಡಿದ ಮಂಡಕ್ಕಿಗೆ ಒಗ್ಗರಣೆ ಬಿದ್ದು ಚುರ್ರೆಂದಿತು. ಮೇಲೆ ಒಂದು ಚಿಟಿಕೆ ಪುಟಾಣಿ ಪುಡಿ, ಪಕ್ಕದಲ್ಲಿ ಎರಡು ಮಿರ್ಚಿ ಬಜ್ಜಿ. ಹುಡುಗ ತಟ್ಟೆ ಮುಂದೊಡ್ಡಿ "ಅಣ್ಣಾ, ಪುಡಿ ಇನ್ನಷ್ಟು ಹಾಕು" ಎನ್ನುತ್ತಾನೆ. ಅಂಗಡಿಯವನು ಡಬ್ಬಿಯನ್ನೇ ಮುಂದೆ ತಳ್ಳುತ್ತಾನೆ. ಪುಟಾಣಿಯಲ್ಲಿ ನೂರಕ್ಕೆ ಇಪ್ಪತ್ತು ಗ್ರಾಂ ಆಸುಪಾಸು ಪ್ರೋಟೀನಿದೆ. ಮಂಡಕ್ಕಿಯದು ಬರೀ ಗಾಳಿ. ಬುದ್ಧಿವಂತ ಹುಡುಗ.

ಅವನ ತಾಯಿಯ ತವರು ಮಡಕಶಿರಾದ ಆಚೆ, ಅಗಳಿ ಕಡೆಯ ಹಳ್ಳಿ. ಅಜ್ಜಿ ಕರೆದಿದ್ದಾಳೆ, ನಾವೂ ಹೊರಟೆವು. ಕಲ್ಯಾಣದುರ್ಗ ದಾಟಿ, ನಡುವೆ ಆಂಧ್ರದ ಮಡಿಲಿಗೆ ಚಾಚಿಕೊಂಡ ಕರ್ನಾಟಕದ ಪಾವಗಡ ದಾಟಿ, ಮತ್ತೆ ಆಂಧ್ರಕ್ಕೆ ಬೀಳುವ ದಾರಿ. ಟಿಕೆಟ್ಟಿನ ಲಿಪಿ ಬದಲಾಗುತ್ತದೆ, ಹೊಲದಲ್ಲಿರುವುದು ಬದಲಾಗುವುದಿಲ್ಲ: ತೊಗರಿ, ಕಡ್ಲೆಕಾಯಿ, ಅಲ್ಲಲ್ಲಿ ಔಡಲ. ರಾಯದುರ್ಗದಿಂದ ತುಮಕೂರಿಗೆ ಇದೇ ಊರುಗಳ ಮೇಲೆ ರೈಲು ಬರುತ್ತದೆಂದು ಬಸ್ಸಿನ ಹಿರಿಯರು ಮಾತಾಡಿಕೊಳ್ಳುತ್ತಾರೆ, ಮದುವೆ ನಿಶ್ಚಯವಾಗಿ ದಿನ ಗೊತ್ತಾಗದ ಮನೆಯವರ ಹಾಗೆ. ಮಡಕಶಿರಾ ಹತ್ತಿರವಾದಂತೆ ರಾಗಿ ತೆನೆಗಳು ಕಾಣತೊಡಗುತ್ತವೆ, ಹುಣಸೆಮರಗಳು ದಟ್ಟವಾಗುತ್ತವೆ. 2022ರಿಂದ ಇದು ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆ. ಜನ ಇನ್ನೂ ಅನಂತಪುರ ಜಿಲ್ಲೆಯೆಂದೇ ಹೇಳುತ್ತಾರೆ.

ಅಜ್ಜಿಯ ಅಡುಗೆಮನೆಯಲ್ಲಿ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಮೊದಲು ತಿಳಿಯುವುದು ವಾಸನೆ: ಹುರುಳಿ ಬೇಯುವ, ಮಣ್ಣನ್ನೂ ಹೊಗೆಯನ್ನೂ ನೆನಪಿಸುವ ಗಾಢ ವಾಸನೆ. ಮೂಲೆಯಲ್ಲಿ ಒದ್ದೆ ಬಟ್ಟೆಯ ಗಂಟೊಂದು ಬುಟ್ಟಿಯೊಳಗೆ ಕೂತಿದೆ. ಹಿಂದಿನ ರಾತ್ರಿ ನೆನೆಹಾಕಿ ಬೆಳಿಗ್ಗೆ ಬಸಿದು ಕಟ್ಟಿದ ಹುರುಳಿ. ಬಿಚ್ಚಿ ತೋರಿಸಿದರೆ ಕಾಳಿನ ಮೂತಿಯಲ್ಲಿ ಬಿಳಿ ಮೊಳಕೆ ಆಗತಾನೆ ಇಣುಕುತ್ತಿದೆ, ಮುಟ್ಟಿದರೆ ಗಂಟಿನ ಒಳಗೆ ಬೆಚ್ಚಗಿದೆ. ಹಸಿ ಹುರುಳಿಯಲ್ಲಿ ಪ್ರೋಟೀನು ಜೀರ್ಣವಾಗದಂತೆ ತಡೆಯುವ ಅಂಶಗಳಿರುತ್ತವೆ, ನೆನೆಸಿ ಮೊಳಕೆ ಬರಿಸಿ ಬೇಯಿಸಿದರೆ ಅವು ಕಡಿಮೆಯಾಗುತ್ತವೆ. ಅಜ್ಜಿಗೆ ಅದರ ಕಾರಣ ಬೇಕಿಲ್ಲ. "ಹಂಗೇ ಬೇಯ್ಸಿದ್ರೆ ವಾಯು ಆಯ್ತದೆ ಕಣಪ್ಪ" ಎನ್ನುತ್ತಾಳೆ.

ಒಲೆಯ ಮೇಲಿನ ಗಡಿಗೆಯಲ್ಲಿ ಇನ್ನೊಂದು ಕೆಲಸ ನಡೆದಿದೆ. ಗಂಟೆಗಟ್ಟಲೆ ಕುದಿದ ಹುರುಳಿಯ ನೀರನ್ನು ಬಸಿದು, ಹುಣಸೆಹಣ್ಣು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಸೇರಿಸಿ ಕಾಯಿಸುವ ಕಟ್ಟಿನ ಸಾರು. ಕರಿಗೆಂಪು ಬಣ್ಣ, ನಾಲಿಗೆಗೆ ಹತ್ತುವ ರುಚಿ, ಮುದ್ದೆಗೆ ಅದನ್ನು ಮೀರಿಸಿದ್ದಿಲ್ಲ. ಬಸಿದ ಕಾಳು? ಅಜ್ಜಿ ಅದನ್ನು ಬಾನಿಗೆ ಸುರಿದು ಕೊಟ್ಟಿಗೆಯತ್ತ ಹೊರಟಳು. ಮೊಮ್ಮಗ ಬಾಗಿಲಲ್ಲೇ ತಡೆದ.

"ಅಜ್ಜೀ, ಅದು ನಂಗೆ ಬೇಕು."

"ಅಯ್ಯೋ, ಇದು ಎತ್ತಿಗೆ ಕಣೋ. ಸತ್ವ ಎಲ್ಲ ಸಾರಿಗೆ ಇಳಿದೈತೆ."

"ಇಲ್ಲಜ್ಜಿ, ಎತ್ತು ನೋಡು ಹೆಂಗೈತೆ. ನಾನು ನೋಡು ಹೆಂಗಿವ್ನಿ."

ಅಜ್ಜಿ ನಕ್ಕು ಅರ್ಧ ಬಾನಿ ಕಾಳು ಇಳಿಸಿದಳು. ಈ ಸೀಮೆಯ ಊಟದ ಕಥೆಯೆಲ್ಲ ಆ ಬಾಗಿಲಲ್ಲಿತ್ತು ಅನ್ನಿಸಿತು ನನಗೆ. ಕಟ್ಟು ಮನೆಯವರಿಗೆ, ಕಾಳು ಎತ್ತಿಗೆ. ಗಾಣದಲ್ಲೂ ಹಾಗೇ: ಕಡ್ಲೆಬೀಜದ ಎಣ್ಣೆ ನಮಗೆ, ಹಿಂಡಿ ದನಕ್ಕೆ. ರುಚಿಯನ್ನೂ ಜಿಡ್ಡನ್ನೂ ನಾವಿಟ್ಟುಕೊಂಡು ಪ್ರೋಟೀನಿನ ಬಹುಪಾಲನ್ನು ಕೊಟ್ಟಿಗೆಗೆ ಕಳಿಸಿದೆವು. ಎತ್ತು ನೇಗಿಲು ಎಳೆಯಬೇಕಲ್ಲ, ತಪ್ಪೆನ್ನಲಾಗದು. ಆದರೆ ಈಗ ಉಳುವುದು ಟ್ರ್ಯಾಕ್ಟರ್.

ಒಣ ಹುರುಳಿ ನೂರು ಗ್ರಾಮಿನಲ್ಲಿ 22 ಗ್ರಾಂ ಹತ್ತಿರ ಪ್ರೋಟೀನು, ತೊಗರಿಬೇಳೆಯಲ್ಲೂ ಅಷ್ಟೇ. ಕಡ್ಲೆಬೀಜದಲ್ಲಿ 24 ಹತ್ತಿರ, ಆದರೆ ಜೊತೆಗೆ 40ರಿಂದ 50 ಗ್ರಾಂ ಎಣ್ಣೆಯೂ ಬರುತ್ತದೆ. ಹಾಗಾಗಿ ಬೀಜವನ್ನೇ ನಂಬಿ ನೂರು ಗ್ರಾಂ ದಾಟಿಸುವುದು ಜಾಣತನವಲ್ಲ, ಒಂದು ಹಿಡಿ, ಒಂದೂವರೆ ಹಿಡಿ ಸರಿ. ರಾಗಿಯಲ್ಲಿರುವುದು 7 ಗ್ರಾಂ ಮಾತ್ರ. ಧಾನ್ಯದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕೊರತೆಯಿರುವ ಮೆಥಿಯೊನಿನ್ ರಾಗಿಯಲ್ಲಿ ಚೆನ್ನಾಗಿದೆ. ಹೀಗೆ ಮುದ್ದೆ-ಹುರುಳಿ ಒಂದಕ್ಕೊಂದು ಆಸರೆ. ಕಡ್ಲೆಬೀಜದಲ್ಲೂ ಲೈಸಿನ್ ಕಮ್ಮಿ, ಅದಕ್ಕೂ ಕಾಳೇ ಬೇಕು. ಜೋಡಿಯಲ್ಲಿ ಕೊರತೆಯಿಲ್ಲ, ಅಳತೆಯಲ್ಲಿದೆ: ಮುದ್ದೆ ತಲೆಯಷ್ಟು, ಕಾಳು ಬೆರಳೆಣಿಕೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಹುಡುಗ ಫೋನಿನಲ್ಲಿ ಲೆಕ್ಕ ಒತ್ತುತ್ತಾನೆ. ದಿನಕ್ಕೆ ರಾಗಿಹಿಟ್ಟು 200 ಗ್ರಾಂ, ಅಂದರೆ 14. ಅಕ್ಕಿ 150ಕ್ಕೆ 12. ಒಣಗಿದ್ದಾಗ ತೂಗಿದ ಹುರುಳಿ 80ಕ್ಕೆ 17. ಬೀಜ 60ಕ್ಕೆ 14. ಪುಟಾಣಿ 40ಕ್ಕೆ 8. ಮೀಲ್ ಮೇಕರ್ 50 ಗ್ರಾಮಿಗೆ 26. ಕೂಡಿದರೆ 91. ಇನ್ನೈದು ಗ್ರಾಮಿಗೆ ಅವನು ಅಜ್ಜಿಯ ಹುಚ್ಚೆಳ್ಳು ಪುಡಿಯ ಜಾಡಿಯತ್ತ ನೋಡಿದ. ಮೀಲ್ ಮೇಕರ್ ಈ ನೆಲದ್ದಲ್ಲ, ಎಣ್ಣೆ ತೆಗೆದ ಸೋಯಾ ಹಿಟ್ಟಿನ ಉಂಡೆ, ನೂರಕ್ಕೆ 50 ಗ್ರಾಂ ಮೀರಿ ಪ್ರೋಟೀನು. ಮಡಕಶಿರಾದ ದಿನಸಿ ಅಂಗಡಿಯಲ್ಲೂ ಮೂಟೆಯಲ್ಲಿ ಸಿಗುತ್ತದೆ. ಅದನ್ನು ಬಿಟ್ಟರೆ ಲೆಕ್ಕ ತಲುಪುವುದು ಕಷ್ಟ ಎಂಬುದನ್ನೂ ಒಪ್ಪಬೇಕು.

ಎಣ್ಣೆ ತೆಗೆದ ಕಡ್ಲೆಬೀಜದಿಂದ ಅಂಥದ್ದೇ ಒಂದನ್ನು ನಮ್ಮವರೂ ಮಾಡಿದ್ದರು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರ ದಶಕದಲ್ಲಿ ಮೂರು ಪಾಲು ಕಡ್ಲೆಬೀಜದ ಹಿಟ್ಟಿಗೆ ಒಂದು ಪಾಲು ಕಡಲೆಹಿಟ್ಟು ಸೇರಿಸಿ 'ಇಂಡಿಯನ್ ಮಲ್ಟಿಪರ್ಪಸ್ ಫುಡ್' ತಯಾರಿಸಿತು, ಮಕ್ಕಳ ಅಪೌಷ್ಟಿಕತೆ ನೀಗಲೆಂದು. ಹಾಗೆಂದು ಊರ ಗಾಣದ ಹಿಂಡಿಯನ್ನೇ ತಂದು ತಿನ್ನಲು ಹೋಗಬೇಡಿ. ತೇವದಲ್ಲಿ ಬೂಷ್ಟು ಹಿಡಿದ ಬೀಜದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಸೇರುತ್ತದೆ, ಅದು ಯಕೃತ್ತಿಗೆ ಕೇಡು, ಹುರಿದರೂ ಪೂರ್ತಿ ಹೋಗದು. ಅಜ್ಜಿ ಮೊರದಲ್ಲಿ ಬೀಜ ಹರಡಿ ಸುಕ್ಕು, ಕಪ್ಪು, ಬೂಷ್ಟಿನವನ್ನು ಒಂದೊಂದಾಗಿ ಆರಿಸಿ ಎಸೆಯುತ್ತಿದ್ದಳು. ಕೋಳಿಗೂ ಹಾಕಲಿಲ್ಲ.

ಸಂಜೆ ಮಡಕಶಿರಾ ಪೇಟೆಯಲ್ಲಿ ಇನ್ನೊಂದು ಕೆಲಸ ಉಳಿದಿತ್ತು. ಎಷ್ಟೇ ಕಾಳು ತಿಂದರೂ ಬಿ-12 ಸಿಗುವುದಿಲ್ಲ. ದಿನಕ್ಕೆ ಬೇಕಾಗುವುದು ಎರಡು-ಮೂರು ಮೈಕ್ರೊಗ್ರಾಂ ಮಾತ್ರ; ಅದು ಹಾಲು, ಮೊಟ್ಟೆ, ಮಾಂಸದಲ್ಲಿದೆ, ಹೊಲದಲ್ಲಿಲ್ಲ. ಕೊರತೆಯಾದರೆ ರಕ್ತಹೀನತೆ, ಕೈಕಾಲು ಜುಮ್ಮೆನ್ನುವುದು. ನರಕ್ಕಾಗುವ ಹಾನಿ ಕೆಲವೊಮ್ಮೆ ಸರಿಹೋಗುವುದೇ ಇಲ್ಲ. ಪ್ರೋಟೀನ್ ಪುಡಿಗಳಿಂದ ದೂರವಿರಿ ಎಂದು 2024ರಲ್ಲಿ ಹೇಳಿದ್ದು ಅದೇ ಹೈದರಾಬಾದಿನ ಸಂಸ್ಥೆ. ಬಿ-12 ಆ ಮಾತಿಗೆ ಸೇರದು, ವೀಗನ್ ಆದವನು ಅದನ್ನು ಕೊಳ್ಳಲೇಬೇಕು. ಮೆಡಿಕಲ್ ಶಾಪಿನಲ್ಲಿ ಹುಡುಗ ಕೇಳಿದ. ಅಂಗಡಿಯವರು ಕೆಂಪು ಕ್ಯಾಪ್ಸೂಲಿನ ಪಟ್ಟಿಯೊಂದನ್ನು ಇಟ್ಟರು. ಅವನು ತಿರುಗಿಸಿ, ಸಣ್ಣ ಅಕ್ಷರ ಓದಿ ವಾಪಸ್ ತಳ್ಳಿದ. ಹೊದಿಕೆ ಜೆಲಟಿನ್, ದನದ ಮೂಳೆ-ಚರ್ಮದಿಂದ ಬರುವಂಥದು.

"ಹಂಗಾದ್ರೆ ನಾಲಿಗೆ ಕೆಳಗಿಡೋ ಮಾತ್ರೆ ಐತೆ, ತಗೋ" ಎಂದು ಅವರು ಇನ್ನೊಂದು ಡ್ರಾ ಎಳೆದರು. "ಜಿಮ್ಮಿನ ಹುಡುಗ್ರೆಲ್ಲ ಬಂದು ದೊಡ್ಡ ಡಬ್ಬ ಕೇಳ್ತಾರಪ್ಪ. ಇದನ್ನ ಓದಿ ಕೇಳಿದೋನು ನೀನೊಬ್ನೇ."